ಏರು ಬೀದಿಯ ರೇಟು

ಅಪ್ಪನನ್ನು ಆಸ್ಪತ್ರೆಯಿಂದ ಕಳಿಸಲು ಹನ್ನೆರಡು ದಿನ ಉಳಿದಿತ್ತು. ಸೊಂಟದ ಮೂಳೆ ಮುರಿದಿದ್ದರಿಂದ ಇನ್ನು ಗಾಲಿಕುರ್ಚಿಯೇ ಗತಿ. ಅವರು ತನ್ನ ಮನೆಯಲ್ಲೇ ಇರಬೇಕೆಂದು ಅಕ್ಕ ಪಟ್ಟು ಹಿಡಿದಿದ್ದಳು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು ಅವಳು. ಎದುರಾಡಿ ನನಗೆ ಅಭ್ಯಾಸವಿಲ್ಲ.

ಮೆಟ್ಟಿಲು ಬೀದಿಯ ತುದಿಯಲ್ಲಿದ್ದ ಅಕ್ಕನ ಮನೆಗೆ ಹೊಸ ಬಚ್ಚಲು ಬೇಕಾಯಿತು. ಹಿಂದಿನ ವರ್ಷ ಕೆಳಗಿನ ದೊಡ್ಡ ರಸ್ತೆಯಲ್ಲಿರುವ ನನ್ನ ಮನೆಗೆ ಬಚ್ಚಲು ಕಟ್ಟಿದವರನ್ನೇ ಕರೆಸಿದೆವು. ಬೋರ್ಡಿನಲ್ಲಿ ಕಂಟ್ರಾಕ್ಟರ್ ಎಂದಿದ್ದರೂ ಎಲ್ಲರ ಬಾಯಲ್ಲಿ ಅವರು ಮೇಸ್ತ್ರಿ. ಅರವತ್ತು ದಾಟಿದವರು. ಅವರು ಅಂದಾಜು ಹೇಳಿದ್ದೇ ತಡ, ಭಾವ ಮುಖ ಗಂಟಿಕ್ಕಿದರು.

"ಅದೇ ಇಟ್ಟಿಗೆ, ಅದೇ ಸಿಮೆಂಟು. ನಾದಿನಿಗೊಂದು ರೇಟು, ನಮಗೆ ಒಂದೂವರೆ ಪಟ್ಟಾ? ಎತ್ತರದಲ್ಲಿದ್ದೀವಿ ಅಂತ ಶ್ರೀಮಂತರು ಅಂದ್ಕೊಂಡ್ರಾ?"

"ಲಾರಿ ನಿಮ್ಮನೆ ತನಕ ಬರಲ್ಲ ಸಾರ್. ಈಗ ಹೇಳಿದ್ದು ಅಂದಾಜು. ಒಂದು ಚೀಲ ಹೊತ್ತು ನೋಡಿ ಸರಿಯಾಗಿ ಹೇಳ್ತೀನಿ."

ಯಾವ ಬಡಾವಣೆಯಲ್ಲೇ ಆಗಲಿ, ಲಾರಿ ನಿಲ್ಲುವ ಜಾಗದಿಂದ ಮನೆಯವರೆಗೆ ಒಂದು ಚೀಲ ಮರಳನ್ನು ತಾವೇ ಹೊತ್ತು ನಡೆಯದೆ ಅವರು ದರ ಕಟ್ಟುವುದಿಲ್ಲವಂತೆ. ದಾರಿಯಲ್ಲಿ ಎಷ್ಟು ಸಲ ಕೂರಬೇಕಾಯಿತು ಎಂಬುದೇ ಅವರ ಲೆಕ್ಕ. ಕೆಳಗಿಳಿದು ಚೀಲವನ್ನು ಹೆಗಲಿಗೇರಿಸಿದರು. ಭಾವನ ಕೈಗೆ ಎರಡು ಇಟ್ಟಿಗೆ ಕೊಟ್ಟರು.

"ಬರಿಗೈಲಿ ಬಂದ್ರೆ ರೇಟು ಗೊತ್ತಾಗಲ್ಲ ಸಾರ್."

ಅಕ್ಕನೂ ನಾನೂ ಹಿಂದೆಯೇ ಹೊರಟೆವು. ಮೆಟ್ಟಿಲುಗಳು ಕಡಿದಾಗಿದ್ದವು. ಪದ್ಯ ಓದುವವರು ಸಾಲಿನ ನಡುವೆ ಉಸಿರಿಗೆ ನಿಲ್ಲುವಂತೆ ಮೇಸ್ತ್ರಿ ಬೇಕಾದಲ್ಲಿ ಮಾತ್ರ ನಿಂತು, ಮತ್ತೆ ಅದೇ ಲಯದಲ್ಲಿ ಏರಿದರು. ಎರಡನೇ ತಿರುವಿನಲ್ಲೇ ಭಾವ ಏದುಸಿರು ಬಿಡುತ್ತಿದ್ದರು.

"ಮದುವೆ ಆದಾಗ ನನ್ನ ಟ್ರಂಕು ಹೊತ್ತು ಹತ್ತಿದ್ದೆ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದ್ದೀರಲ್ಲ," ಎಂದಳು ಅಕ್ಕ.

"ಆಗ ಮೆಟ್ಟಿಲು ಕಮ್ಮಿ ಇದ್ವು ಕಣೇ."

ಮೂರನೆಯ ತಿರುವಿನಲ್ಲಿ ಮೇಸ್ತ್ರಿ ಚೀಲ ಇಳಿಸಿ ಕೂತರು. ಎರಡು ಗೋಡೆಗಳ ನಡುವಿನ ಅಗಲವನ್ನು ಮೊಳ ಹಾಕಿ ಅಳೆದರು. ಇನ್ನೊಮ್ಮೆ ಅಳೆದರು.

"ಅಮ್ಮಾ, ಗಾಲಿಕುರ್ಚಿ ಅಂದ್ರಲ್ಲ. ಅದು ಇಲ್ಲಿ ಹೆಂಗೆ ತಿರುಗುತ್ತೆ?"

ದಿನಾ ಹತ್ತಿಳಿಯುವವರಿಗೆ ಮೆಟ್ಟಿಲು ಕಾಣುವುದೇ ಇಲ್ಲ. ಅಕ್ಕ ಆ ಗೋಡೆಯಿಂದ ಈ ಗೋಡೆಗೆ ಕಣ್ಣು ಹಾಯಿಸಿದಳು.

"ನಾಲ್ಕು ಜನ ಎತ್ಕೊಂಡ್ ಬರ್ತಾರೆ."

"ಬರ್ತಾರೆ. ನಾನೂ ಬಚ್ಚಲು ಚೆನ್ನಾಗೇ ಕಟ್ಟಿಕೊಡ್ತೀನಿ. ಆದ್ರೆ ಆಮೇಲೆ ಅವರಿಗೆ ಬೀದಿ ನೋಡ್ಬೇಕು ಅನ್ನಿಸಿದಾಗಲೆಲ್ಲ ಆ ನಾಲ್ಕು ಜನಾನ ಹುಡುಕ್ಬೇಕು. ಅದು ನನ್ನ ರೇಟಲ್ಲಿ ಸೇರಲ್ಲ."

"ಹಂಗಾದ್ರೆ?" ಭಾವ ಇಟ್ಟಿಗೆ ಕೆಳಗಿಟ್ಟರು.

"ಇವರ ಮನೆ ಬಚ್ಚಲಿನ ಬಾಗಿಲು ಅಗಲ ಮಾಡಿ, ಹೊಸ್ತಿಲು ಕಿತ್ತು, ಇಳಿಜಾರು ಹಾಕಿದ್ರೆ ಸಾಕು. ಎರಡು ದಿನದ ಕೆಲಸ, ಕೆಳಗಿನ ರೇಟು," ಎಂದು ಮೇಸ್ತ್ರಿ ನನ್ನತ್ತ ಕೈ ತೋರಿಸಿದರು.

ಹತ್ತು ದಿನದ ಕೆಲಸವನ್ನು ಅವರು ತಮ್ಮ ಬಾಯಿಂದಲೇ ಎರಡು ದಿನಕ್ಕೆ ಇಳಿಸಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು, ಮುಖದಲ್ಲಿ ಏನೂ ಬದಲಾಗಿರಲಿಲ್ಲ. ವಾರದಿಂದ ನಾನು ಹೇಳಲಾರದೆ ಇಟ್ಟುಕೊಂಡಿದ್ದ ಮಾತನ್ನು ಆ ಮನುಷ್ಯ ಯಾರನ್ನೂ ನೋಯಿಸದೆ ಆಡಿಬಿಟ್ಟಿದ್ದರು. ಮನಸ್ಸಿನಲ್ಲೇ ಕೈ ಮುಗಿದೆ.

ಅಕ್ಕ ಮೆಟ್ಟಿಲ ಮೇಲೆ ಕೂತಳು. ನನ್ನ ಕಡೆ ನೋಡದೆ ಕೇಳಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?"

"ನೀನು ಬೇಜಾರು ಮಾಡ್ಕೋತೀಯ ಅಂತ."

"ಮಾಡ್ಕೊಂಡಿದ್ದೀನಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಮೇಸ್ತ್ರಿಯತ್ತ ತಿರುಗಿದಳು.

"ಇವಳ ಮನೆ ಹಿಂದಿನ ಕೋಣೇಲಿ ಅಪ್ಪನ ಪಕ್ಕ ಇನ್ನೊಂದು ಮಂಚ ಹಿಡಿಸುತ್ತಾ? ರಾತ್ರಿ ನಾನಿರ್ತೀನಿ."

"ಹಿಡಿಸುತ್ತೆ. ಬೀರು ತೆಗೀಬೇಕು."

"ತೆಗೀರಿ," ಎಂದಳು ಅಕ್ಕ. ಬೀರು ನನ್ನದು. ನನ್ನನ್ನು ಒಂದು ಮಾತೂ ಕೇಳಲಿಲ್ಲ.