ದ್ಯಾಮವ್ವ ಹೊತ್ತು ತಂದ ಬಾಗಿಲು

ನಾನು ಒಂದು ಬಾಗಿಲು. ನಾಟಕ ಕಂಪನಿಯಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲೇ ಬೆಳೆದವನು. ನನ್ನನ್ನು ಮಾಡಿದ್ದು ಗದಗಿನಲ್ಲಿ, ಒಂದು ತಗಡಿನ ಥೇಟರಿನ ಹಿಂದೆ, ಬಡಿಗೇರ ಕಾಳಪ್ಪ. ಮನೆಗೆ ಬಾಗಿಲು ಮಾಡುವವರು ಕಳ್ಳ ಒಳಗೆ ಬರಬಾರದೆಂದು ಮಾಡುತ್ತಾರೆ. ಕಾಳಪ್ಪನಿಗೆ ಆ ಚಿಂತೆಯೇ ಇರಲಿಲ್ಲ. ದಡಾರ್ ಎಂದು ಬಡಿದರೆ ಕೊನೆಯ ಗ್ಯಾಲರಿಯವರಿಗೂ ಕೇಳಬೇಕು, ಕ್ಯಾಂಪು ಬಿಚ್ಚಿದಾಗ ಇಬ್ಬರು ಸಲೀಸಾಗಿ ಎತ್ತಿ ಲಾರಿಗೆ ಹಾಕಬೇಕು, ಇಷ್ಟೇ ಅವನಿಗೆ ಬೇಕಾದದ್ದು. ಅದಕ್ಕೇ ಮಾವಿನ ಹಲಗೆ ತಂದ. ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ ಬೆರಳಿನಿಂದ ತಟ್ಟಿ ತಟ್ಟಿ ನೋಡಿದ. ಕೆಡವಿದ ಯಾವುದೋ ಬಂಗಲೆಯ ಹಿತ್ತಾಳೆ ಹಿಡಿಕೆಯೊಂದನ್ನು ಎಲ್ಲಿಂದಲೋ ತಂದು ನನಗೆ ಜೋಡಿಸಿದ.

ಕಂಪನಿ ಮಲ್ಲೇಶಪ್ಪನವರದು. ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮಾಲಕರು. ಅವರ ಕಂಪನಿಯಲ್ಲಿ ಎರಡು ಬಗೆಯ ಆಟ. ಒಂದು, ಹಾಡುಗಳೇ ತುಂಬಿರುವ ರಾಜರಾಣಿಯರ ಸಂಗೀತ ನಾಟಕ. ಇನ್ನೊಂದು, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುವ ಪ್ರಹಸನ. ಸಂಗೀತ ನಾಟಕವಿದ್ದಾಗ ನನಗೆ ಬಂಗಾರದ ಬಣ್ಣ ಬಳಿದು ಅರಮನೆಯ ಬಾಗಿಲು ಮಾಡುತ್ತಿದ್ದರು. ಸೆರೆಮನೆಯ ದೃಶ್ಯವಿದ್ದರೆ ಕಪ್ಪು. ಪ್ರಹಸನಕ್ಕೆ ಹಸಿರು. ಬಂಗಾರವಾಗಿದ್ದಾಗ ನನಗೆ ಕೆಲಸ ಕಡಿಮೆ, ಸುಮ್ಮನೆ ಹೊಳೆಯುತ್ತ ನಿಂತರೆ ಸಾಕು. ಹಸಿರಾದೆನೆಂದರೆ ಮೈ ನೋವು ತಪ್ಪಿದ್ದಲ್ಲ. ಅತ್ತೆ ಬಡಿಯುತ್ತಾಳೆ, ಅಳಿಯ ಬಡಿಯುತ್ತಾನೆ, ಮನೆ ಮಾಲಕ ಒದೆಯುತ್ತಾನೆ. ಆದರೂ ನಿಜ ಹೇಳಿಬಿಡುತ್ತೇನೆ, ನನಗೆ ಹಸಿರೇ ಇಷ್ಟ.

ದ್ಯಾಮವ್ವ ನಮ್ಮ ಕಂಪನಿ ಸೇರಿದ್ದು ಬಾಗಲಕೋಟೆಯ ಕ್ಯಾಂಪಿನಲ್ಲಿ. ಆಗಿನ್ನೂ ಹದಿನೇಳರ ಹುಡುಗಿ. ಅವಳ ಅಪ್ಪ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ. ಅವನು ಊದಿದ್ದನ್ನೆಲ್ಲ ಮಗಳು ಹಾಡುತ್ತಿದ್ದಳು. ಆ ದನಿ ಕೇಳಿದ ಮಲ್ಲೇಶಪ್ಪ ಅವಳನ್ನು ಕರೆತಂದು ಸಖಿಯರ ಸಾಲಿನಲ್ಲಿ ನಿಲ್ಲಿಸಿದರು. ಸಖಿಯರೆಂದರೆ ರಾಣಿಯ ಹಿಂದೆ ಹೂವಿನ ತಟ್ಟೆ ಹಿಡಿದು ನಿಂತು, ಪಲ್ಲವಿ ಬಂದಾಗ ಮಾತ್ರ ದನಿಗೂಡಿಸುವವರು. ಹ್ಯಾಂಡ್‌ಬಿಲ್ಲಿನಲ್ಲಿ ಅವಳಿಗೆ 'ಕುಮಾರಿ ಜ್ಯೋತಿಬಾಲಾ' ಎಂದು ಹೊಸ ಹೆಸರು ಹಾಕಿದರು, ಎಲ್ಲಕ್ಕಿಂತ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ.

ರಾಣಿಯ ಪಾತ್ರಗಳೆಲ್ಲ ಅಂಬೂಬಾಯಿಯವರದು. ಇಡೀ ಸೀಮೆಗೆ ಹೆಸರಾದ ಗಾಯಕಿ. ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದಾಗ ದ್ಯಾಮವ್ವ ರಂಗದ ಮೇಲೆ ಬಂದು, ನನ್ನ ಹಿಡಿಕೆ ಹಿಡಿದುಕೊಂಡು, ಅಂಬೂಬಾಯಿಯವರ ಹಾಡುಗಳನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಒಂದು ದಿನ ಒಳಗಿನ ಬಣ್ಣದ ಕೋಣೆಯಿಂದ ಗಡುಸು ದನಿ ಬಂತು.

"ಯಾರದು ಹಾಡೂದು?"

ದ್ಯಾಮವ್ವ ಗಾಬರಿಯಾಗಿ, "ಯಾರೂ ಇಲ್ರೀ" ಅಂದಳು.

"ಯಾರೂ ಇಲ್ಲದಾಕಿ ಭಾಳ ಚಲೋ ಹಾಡ್ತಾಳ" ಅಂದರು ಅಂಬೂಬಾಯಿ. "ಎರಡನೇ ಸಾಲಿನ್ಯಾಗ ಉಸರು ಸಾಲೂದಿಲ್ಲ. ಮೊದಲ ತುಂಬ್ಕೋ, ಆಮ್ಯಾಲೆ ಹಿಡಿ."

ಅಷ್ಟೇ. ಹೊರಗೆ ಬಂದು ಮುಖವನ್ನೂ ನೋಡಲಿಲ್ಲ. ಆದರೆ ಅವತ್ತಿನಿಂದ ದ್ಯಾಮವ್ವ ನೆಲದ ಮೇಲೆ ನಡೆಯುತ್ತಿರಲಿಲ್ಲ.

ನಮ್ಮ ಪ್ರಹಸನಗಳ ಒಡೆಯ ಗುಂಡೋಪಂತ. ಕಡ್ಡಿಯಂಥ ಮನುಷ್ಯ, ಗಂಭೀರವಾಗಿ ಕೂತರೂ ಜನ ನಗುತ್ತಿದ್ದರು. ಅವನೇ ಕಟ್ಟಿದ 'ಅಳಿಯ ಬಂದ ಅಡ್ಡಬಾಗಿಲಿಗೆ' ಎಂಬ ಆಟದಲ್ಲಿ ಒಬ್ಬ ಕೆಲಸದವಳಿದ್ದಾಳೆ. ಅವಳಿಗಿರುವುದು ಒಂದೇ ಮಾತು. ಅಳಿಯ ಮೇಜಿನ ಕೆಳಗೆ ಅಡಗಿರುವಾಗ ಓಡಿ ಬಂದು "ಮಾವನೋರು ಬಂದ್ರೀ!" ಎಂದು ಹೇಳಿ ಓಡಿಹೋಗಬೇಕು. ಆ ಪಾತ್ರದ ಹೆಂಗಸು ಹೆರಿಗೆಗೆಂದು ತವರಿಗೆ ಹೋದಳು. ಗುಂಡೋಪಂತ ದ್ಯಾಮವ್ವನನ್ನು ಕರೆದ. ಅವಳ ಮುಖ ಸಣ್ಣದಾಯಿತು.

"ನಾ ಹಾಡಾಕ ಬಂದೀನ್ರೀ. ಕಸಬರಗಿ ಹಿಡಿಯಾಕಲ್ಲ."

"ಹಾಡಾಕ ತಾಳ ಬೇಕು, ಹೌದಿಲ್ಲೋ?" ಅಂದ ಗುಂಡೋಪಂತ. "ನಗಸಾಕೂ ಅದ ತಾಳ ಬೇಕು. ಒಂದ ಮಾತ್ರಾ ತಪ್ಪಿದ್ರ ನಗಿ ಹೋತು. ಬಾ, ಮಾಡಿ ನೋಡು."

ಹೀಗೆ ಕಸಬರಿಗೆ ಅವಳ ಕೈಗೆ ಬಂತು. ಇಳಕಲ್ಲಿನ ಕ್ಯಾಂಪಿನಲ್ಲಿ ಅವಳ ಮೊದಲ ಪ್ರಹಸನ. ಹಿಂದಿನ ದಿನವಷ್ಟೇ ನಾನು ಅರಮನೆಯಾಗಿದ್ದೆ. ಬಂಗಾರದ ಮೇಲೆ ಹಸಿರು ಬಳಿಯುವ ಗಡಿಬಿಡಿಯಲ್ಲಿ ಬಣ್ಣ ದಪ್ಪವಾಗಿ ಬಿತ್ತು. ಹಸಿ ಬಣ್ಣದಲ್ಲೇ ನನ್ನನ್ನು ಚೌಕಟ್ಟಿಗೆ ಕೂಡಿಸಿ ಮುಚ್ಚಿದರು. ಆಟ ಶುರುವಾಗುವ ಹೊತ್ತಿಗೆ ನಾನು ಚೌಕಟ್ಟಿಗೆ ಅಂಟಿಕೊಂಡುಬಿಟ್ಟಿದ್ದೆ. ಯಾರಿಗೂ ಗೊತ್ತಿಲ್ಲ. ನನಗೆ ಗೊತ್ತು, ಆದರೆ ಹೇಳುವುದು ಹೇಗೆ?

ಅಳಿಯ ಮೇಜಿನ ಕೆಳಗೆ ಸೇರಿದ. ಅತ್ತೆಯ ಅಣ್ಣನ ಪಾತ್ರದಲ್ಲಿದ್ದ ಗುಂಡೋಪಂತ, "ಯಾರೋ ಬಂದಂಗಾತು" ಅಂದ. ಈ ಮಾತಿಗೆ ದ್ಯಾಮವ್ವ ಒಳಗೆ ಬರಬೇಕು. ಅವಳು ನನ್ನನ್ನು ನೂಕಿದಳು. ನಾನು ಅಲ್ಲಾಡಲಿಲ್ಲ. "ಯಾರೋ ಬಂದಂಗಾತಲ್ಲಾ!" ಅಂದ ಗುಂಡೋಪಂತ, ಇನ್ನಷ್ಟು ಜೋರಾಗಿ. ಅವಳು ಎರಡೂ ಕೈಯಿಂದ ನೂಕಿದಳು. "ಏ, ಬಂದಂಗಾತು ಅಂದೆ!" ಅವನ ಹಣೆಯ ಮೇಲೆ ಬೆವರು. ದ್ಯಾಮವ್ವ ಕಸಬರಿಗೆ ಬಿಸಾಕಿ, ಸೆರಗು ಬಿಗಿದು, ಹಿಡಿಕೆ ಹಿಡಿದುಕೊಂಡು ಭುಜ ಕೊಟ್ಟು ನುಗ್ಗಿದಳು.

ನಾನು ಚೌಕಟ್ಟಿನಿಂದ ಬಿಟ್ಟುಕೊಂಡೆ. ಆದರೆ ಬಿಜಾಗರಿ ಮೊಳೆಗಳನ್ನೂ ಕಿತ್ತುಕೊಂಡೇ ಬಂದೆ. ಮುಂದಕ್ಕೆ ಬೀಳುತ್ತಿದ್ದ ನನ್ನನ್ನು ಅವಳು ಬಿಡಲಿಲ್ಲ. ಬಿಟ್ಟಿದ್ದರೆ ಮೇಜಿನ ಮೇಲೆ ಬಿದ್ದು ಅಳಿಯನಿಗೆ ಪೆಟ್ಟಾಗುತ್ತಿತ್ತು. ಗಪ್ಪನೆ ತಿರುಗಿ, ಕಟ್ಟಿಗೆ ಹೊರೆ ಹೊರುವವರ ಹಾಗೆ ನನ್ನನ್ನು ಬೆನ್ನಿಗೆ ಹಾಕಿಕೊಂಡು ನಡುರಂಗಕ್ಕೆ ಬಂದು ನಿಂತಳು. ಜೀವಮಾನವೆಲ್ಲ ರಂಗದ ಮೇಲೆ ಕಳೆದ ಗುಂಡೋಪಂತನಿಗೆ ಮಾತೇ ಮರೆತುಹೋಯಿತು.

"ಮಾವನೋರು ಬಂದ್ರೀ" ಅಂದಳು ದ್ಯಾಮವ್ವ. ಅವಳ ಎದೆ ಹೊಡೆದುಕೊಳ್ಳುವುದು ನನ್ನ ಹಲಗೆಗೆ ತಾಕುತ್ತಿತ್ತು. ಅವಳೇ ಮುಂದುವರಿಸಿದಳು. "ಅವರು ಬರೂದ್ರಾಗ ಬಾಗಿಲಾ ತಗದಿಡು ಅಂದಿದ್ರೆಲ್ಲಾ? ತಗದೀನ್ರೀ. ಎಲ್ಲಿ ಇಡ್ಲಿ?"

ಆ ನಗುವನ್ನು ನಾನು ಹೇಗೆ ವರ್ಣಿಸಲಿ! ತಗಡಿನ ಮಾಡು ಹಾರಿಹೋಯಿತೆಂದೇ ತಿಳಿದೆ. ಮೇಜಿನ ಕೆಳಗಿದ್ದ ಅಳಿಯನೂ ನಗುತ್ತಿದ್ದ, ಮೇಜು ಗಡಗಡ ಅಲುಗುತ್ತಿತ್ತು. ಗುಂಡೋಪಂತನಿಗೆ ಅಷ್ಟರಲ್ಲಿ ಜೀವ ಬಂತು.

"ಅಲಾ ಇವಳ! ಗ್ವಾಡಿ ಯಾಕ ಬಿಟ್ಟು ಬಂದಿ? ಅದನ್ನೂ ತರಬೇಕಿತ್ತಿಲ್ಲ?"

"ಅದಕ್ಕ ಹಿಡಿಕಿ ಇಲ್ರೀ."

ಮತ್ತೆ ನಗು. ಆಟ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು.

ಪರದೆ ಬಿದ್ದ ಮೇಲೆ ದ್ಯಾಮವ್ವ ನನ್ನ ಪಕ್ಕದಲ್ಲೇ ಕುಕ್ಕರಿಸಿ ಅಳತೊಡಗಿದಳು. ಕಂಪನಿಯ ಬಾಗಿಲು ಮುರಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಲ್ಲೇಶಪ್ಪ ದುಬುದುಬು ಹೆಜ್ಜೆ ಹಾಕುತ್ತ ಬಂದರು. ಕಣ್ಣು ಕೆಂಪಗಾಗಿದ್ದವು. ಆಮೇಲೆ ತಿಳಿಯಿತು, ಅದು ನಕ್ಕದ್ದಕ್ಕೆ.

"ಏ ಹುಡುಗಿ, ನಾಳಿಂದ ದಿನಾ ಹಿಂಗ ಕಿತ್ಕೊಂಡ ಬರಬೇಕು. ತಿಳೀತಿಲ್ಲೊ? ಕಾಳಪ್ಪಾ, ಈ ಬಾಗಿಲಕ್ಕ ಏನರ ಕೊಂಡಿ ಮಾಡೋ, ಆಕಿ ಹೆಗಲಿಗೆ ತ್ರಾಸ ಆಗಬಾರದು!"

ಕಾಳಪ್ಪ ಬಿಜಾಗರಿ ಬದಲಿಸಿ ಕೊಂಡಿ ಹಾಕಿದ. ಒಂದು ಸಣ್ಣ ಎಳೆತಕ್ಕೆ ನಾನು ಕಳಚಿ ಅವಳ ಬೆನ್ನೇರುತ್ತಿದ್ದೆ. ಊರೂರಿಗೂ ಸುದ್ದಿ ಹಬ್ಬಿತು. ಸಿಂಧನೂರು, ಮುದಗಲ್ಲು, ಕೊಪ್ಪಳ, ಎಲ್ಲಿ ಹೋದರೂ ಜನ ಚಕ್ಕಡಿ ಕಟ್ಟಿಕೊಂಡು ಬಂದರು. ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಹೆಸರು ಮೇಲೇರಿತು: 'ಬಾಗಿಲು ಹೊತ್ತು ಬರುವ ಜ್ಯೋತಿಬಾಲಾ!' ಗುಂಡೋಪಂತ ಅವಳಿಗೆಂದೇ ಹೊಸ ಮಾತು ಬರೆದ. ಅವಳು ಅವನ್ನೂ ಬಿಟ್ಟು ಇನ್ನಷ್ಟು ಹೊಸತು ಆಡಿದಳು. ಇಬ್ಬರೂ ರಂಗದ ಮೇಲೆ ಜಗಳಕ್ಕೆ ನಿಂತರೆ ಒಬ್ಬರ ಬಾಲ ಹಿಡಿದು ಇನ್ನೊಬ್ಬರು ಓಡುವ ಬೆಕ್ಕುಮರಿಗಳ ಹಾಗೆ ಕಾಣುತ್ತಿದ್ದರು. ಅವಳಿಗೂ ಅದರಲ್ಲಿ ಖುಷಿಯಿತ್ತು. ಬೆನ್ನ ಮೇಲಿದ್ದವನಿಗೆ ಗೊತ್ತಾಗದೇ ಇರುತ್ತದೆಯೇ?

ಆದರೂ ಮಧ್ಯಾಹ್ನದ ಹಾಡು ನಿಲ್ಲಲಿಲ್ಲ. ಒಮ್ಮೆ ಅವಳು ಧೈರ್ಯ ಮಾಡಿ, ಹಾಡುವ ರಾಣಿಯ ಪಾತ್ರ ಕೊಡಿರೆಂದು ಮಲ್ಲೇಶಪ್ಪನವರನ್ನು ಕೇಳಿದಳು. ಅವರು ತಲೆ ಕೆರೆದುಕೊಂಡರು. "ನೀ ಅತ್ತರ ಮಂದಿ ನಗತಾರವ್ವಾ. ನಾನರ ಏನ ಮಾಡ್ಲಿ?"

ಕೊನೆಗೆ ಮಾತೆತ್ತಿದವರು ಅಂಬೂಬಾಯಿ. ಮತ್ತೆ ಬಾಗಲಕೋಟೆಗೆ ಕ್ಯಾಂಪು ಹೋದಾಗ ಎಲ್ಲರ ಮುಂದೆ ಹೇಳಿದರು. "ಚಂದ್ರಸೇನಿ ಪಾತ್ರ ಇನ್ನ ಈ ಹುಡುಗಿ ಮಾಡ್ಲಿ. ನಾ ಅತ್ತಿ ಪಾತ್ರ ಮಾಡ್ತೀನಿ. ನನಗ ವಯಸ್ಸಾತು ಅಂತ ಮಂದಿ ಹೇಳೂಕಿಂತ ಮೊದಲ ನಾನ ಹೇಳಿದ್ರ ನೆಟ್ಟಗ."

"ಮಂದಿ ನಕ್ರ?" ಅಂದರು ಮಲ್ಲೇಶಪ್ಪ.

"ನಗಲಿ. ಅದನ್ನ ಹೆಂಗ ನಿಲ್ಲಸೂದು ಅನ್ನೂದು ಆಕಿಗೆ ಬಿಟ್ಟದ್ದು."

ಚಂದ್ರಸೇನೆ ಯುದ್ಧಕ್ಕೆ ಹೋದ ಗಂಡನಿಗಾಗಿ ಅರಮನೆಯ ಬಾಗಿಲಲ್ಲಿ ಕಾಯುವ ರಾಣಿ. ಭಾನುವಾರ ಮಧ್ಯಾಹ್ನದ ಆಟ. ನನಗೆ ಬಂಗಾರ ಬಳಿದರು, ಕೊಂಡಿ ತೆಗೆದು ಬಿಜಾಗರಿ ಗಟ್ಟಿಯಾಗಿ ಕೂಡಿಸಿದರು. ಮೊದಲ ಸಾಲಿನಲ್ಲಿ ದ್ಯಾಮವ್ವನ ಅಪ್ಪ ಬ್ಯಾಂಡಿನ ಕೆಂಪು ಕೋಟು ತೊಟ್ಟು ಕೂತಿದ್ದ, ಅವನ ಬಳಿ ಇದ್ದ ಒಳ್ಳೆಯ ಅಂಗಿ ಅದೊಂದೇ.

ಎರಡನೇ ಅಂಕ. ರಾಣಿ ನನಗೆ ಬೆನ್ನು ಕೊಟ್ಟು ಕೂತಳು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ವಿರಹದ ಹಾಡಿನ ಸ್ವರ ಹಿಡಿದರು. ಅಷ್ಟರಲ್ಲಿ ಗ್ಯಾಲರಿಯಿಂದ ಒಬ್ಬ ಕೂಗಿದ. "ಈಗ ಬಾಗಿಲಾ ಕೀಳ್ತಾಳ ನೋಡ್ರಲೇ!"

ನಗು ಒಂದು ಮೂಲೆಯಲ್ಲಿ ಹುಟ್ಟಿ ಇಡೀ ಥೇಟರಿಗೆ ಹಬ್ಬಿತು. ಪೇಟಿ ಮಾಸ್ತರರು ಸ್ವರವನ್ನು ಮತ್ತೆ ನುಡಿಸಿದರು. ಇನ್ನೊಮ್ಮೆ ನುಡಿಸಿದರು. ಅಪ್ಪ ತಲೆ ತಗ್ಗಿಸಿದ. ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಗುಂಡೋಪಂತ ಉಗುರು ಕಚ್ಚುತ್ತಿದ್ದ.

ದ್ಯಾಮವ್ವ ಎದ್ದು ನಿಂತಳು. ನನ್ನ ಹಿಡಿಕೆಗೆ ಕೈ ಹಾಕಿದಳು. ಜನ ಹೋ ಎಂದರು. ಅವಳು ನನ್ನನ್ನು ಮೆಲ್ಲಗೆ ತೆರೆದಳು. ಹೊರಗೆ ದೂರಕ್ಕೆ ನೋಡಿದಳು. ಅಷ್ಟೇ ಮೆಲ್ಲಗೆ ಮುಚ್ಚಿದಳು. ಆಮೇಲೆ ಜನರ ಕಡೆ ತಿರುಗಿ, ರಾಣಿಯಾಗಿ ಅಲ್ಲ, ದ್ಯಾಮವ್ವನಾಗಿಯೇ ಮಾತಾಡಿದಳು.

"ಇವತ್ತ ಬಾಗಿಲಾ ಬರೂದಿಲ್ರೀ. ಅರಮನೀದು, ಭಾಳ ವಜ್ಜಿ ಐತಿ."

ಜನ ಘೊಳ್ಳೆಂದು ನಕ್ಕರು. ಅವಳೂ ಅವರ ಜೊತೆ ನಕ್ಕಳು.

"ನಕ್ಕ ಮುಗಸ್ರಿ. ನಾ ನಿಂತಿರ್ತೀನಿ. ಆಮ್ಯಾಲೆ ಒಂದ ಹಾಡ ಹಾಡ್ತೀನಿ, ಕೇಳಿ ಹೋಗ್ರಿ."

ನಿಂತೇ ಇದ್ದಳು. ನಗು ಇಳಿಯಿತು, ಕೆಮ್ಮು ಇಳಿಯಿತು, ಶೇಂಗಾ ಒಡೆಯುವ ಸದ್ದೂ ನಿಂತಿತು. ಆಗ ಎದೆ ತುಂಬ ಉಸಿರು ತುಂಬಿಕೊಂಡು ಹಾಡು ಹಿಡಿದಳು. ಎರಡನೇ ಸಾಲು ಎಲ್ಲೂ ಕಡಿಯದೆ ಉದ್ದಕ್ಕೆ ಹೋಯಿತು. ನನ್ನ ಹಿಂದೆ ಅತ್ತೆಯ ಬಿಳಿ ಸೀರೆಯಲ್ಲಿ ನಿಂತಿದ್ದ ಅಂಬೂಬಾಯಿ ದನಿಯಿಲ್ಲದೆ ತುಟಿ ಆಡಿಸುತ್ತ ಜೊತೆಗೆ ಹಾಡುತ್ತಿದ್ದರು. ಅವರ ಕೆನ್ನೆಯ ಬಣ್ಣ ಕರಗಿ ಸೀರೆಗೆ ಇಳಿಯುತ್ತಿತ್ತು.

ಹಾಡು ಮುಗಿಯಿತು. ಗ್ಯಾಲರಿಯಿಂದ ಅದೇ ಮನುಷ್ಯ, ಅದೇ ದೊಡ್ಡ ದನಿಯಲ್ಲಿ ಕೂಗಿದ. "ಒನ್ಸ್ ಮೋರ್!"

ಮತ್ತೆ ಹಾಡಿದಳು. ಮತ್ತೂ ಕೇಳಿದರು, ಮತ್ತೂ ಹಾಡಿದಳು. ಅಪ್ಪ ಚಪ್ಪಾಳೆ ತಟ್ಟುವುದನ್ನೇ ಮರೆತು ಅಕ್ಕಪಕ್ಕದವರಿಗೆಲ್ಲ, "ನನ್ನ ಮಗಳ್ರೀ, ನನ್ನ ಮಗಳು" ಎಂದು ಹೇಳುತ್ತಿದ್ದ.

ಅಲ್ಲಿಂದ ಮುಂದೆ ದ್ಯಾಮವ್ವ ಎರಡನ್ನೂ ಮಾಡಿದಳು. ಇವತ್ತು ಬಂಗಾರದ ಬಾಗಿಲಲ್ಲಿ ಅಳಿಸುವುದು, ನಾಳೆ ಹಸಿರು ಬಾಗಿಲು ಹೊತ್ತು ನಗಿಸುವುದು. ನೋಡಿದವರೇ ಮರುದಿನ ಮತ್ತೆ ಬಂದು ನೋಡುತ್ತಿದ್ದರು. ಕೆಲವು ವರ್ಷಗಳ ಮೇಲೆ ಹುಬ್ಬಳ್ಳಿಯ ದೊಡ್ಡ ಕಂಪನಿಯವರು ಅವಳನ್ನು ಕರೆದರು. ಹೊರಡುವ ದಿನ ಗುಂಡೋಪಂತ ಒಂದರ ಮೇಲೊಂದು ಚಟಾಕಿ ಹಾರಿಸಿದ, ಒಂದಕ್ಕೂ ಯಾರೂ ನಗಲಿಲ್ಲ. ಮಲ್ಲೇಶಪ್ಪ, "ಅಲ್ಲಿ ಬಾಗಿಲಾ ಸಾಗವಾನೀವು ಇರ್ತಾವ, ಹುಷಾರು" ಅಂದು ಮುಖ ತಿರುಗಿಸಿಕೊಂಡರು. ಅಂಬೂಬಾಯಿ ಬಸ್ಸಿನವರೆಗೂ ಅವಳ ಕೈ ಹಿಡಿದುಕೊಂಡು ಹೋದರು.

ಜ್ಯೋತಿಬಾಲಾ ಎಂಬ ಹೆಸರು ಮುಂದೆ ಎಷ್ಟು ದೊಡ್ಡದಾಯಿತೆಂದು ನಿಮಗೆ ನಿಮ್ಮ ಅಜ್ಜಿಯರು ಹೇಳಿಯಾರು. ನಾನು ನೋಡಿದ್ದು ಅವಳ ಮೊದಲ ದಿನಗಳನ್ನು ಮಾತ್ರ, ಅದಕ್ಕೇ ಅಷ್ಟನ್ನೇ ಹೇಳಿದೆ.

ಊರೂರಿಗೂ ಟೆಂಟ್ ಸಿನಿಮಾ ಬಂದ ಕಾಲಕ್ಕೆ ಮಲ್ಲೇಶಪ್ಪನವರ ಕಂಪನಿ ಮುಚ್ಚಿತು. ಪರದೆಗಳು ಒಂದು ಕಡೆ ಹೋದವು, ಕಿರೀಟಗಳು ಒಂದು ಕಡೆ. ನನ್ನನ್ನು ಕುಷ್ಟಗಿಯ ಟೇಲರ್ ಹುಸೇನಸಾಬ ಒಯ್ದ. ಉಜ್ಜುಕಾಗದ ಹಿಡಿದು ಅವನು ನನ್ನ ಮೈ ಉಜ್ಜಿದರೆ ಹಸಿರು ಬಂತು, ಬಂಗಾರ ಬಂತು, ಕಪ್ಪು ಬಂತು, ಮತ್ತೆ ಹಸಿರು ಬಂತು. "ಎಷ್ಟ ಅಂಗಿ ತೊಟ್ಟೀಯೋ ಮಾರಾಯಾ!" ಎಂದು ನಕ್ಕ. ತನ್ನ ಅಡುಗೆಮನೆಗೂ ಪಡಸಾಲೆಗೂ ನಡುವೆ ನನ್ನನ್ನು ನಿಲ್ಲಿಸಿದ. ಈಗ ನನಗೆ ಎರಡೂ ಕಡೆ ನಿಜವಾದ ಗೋಡೆ. ಒಂದು ಕಡೆ ಹೊಲಿಗೆ ಯಂತ್ರದ ಸದ್ದು, ಇನ್ನೊಂದು ಕಡೆ ರೊಟ್ಟಿ ಬಡಿಯುವ ಸದ್ದು. ವಯಸ್ಸಾದ ನನಗೆ ಇಷ್ಟು ಗದ್ದಲ ಸಾಕು.

ಮೊನ್ನೆ ಈ ಮನೆಗೆ ಹೊಸ ಸೊಸೆ ಬಂದಳು, ಜರೀನಾ. ಪಡಸಾಲೆಯಲ್ಲಿ ಗಂಡನ ಕಡೆಯ ಹೆಂಗಸರು ಸಾಲಾಗಿ ಕೂತಿದ್ದರು. ಅವಳು ಚಹಾದ ತಟ್ಟೆ ಹಿಡಿದು ನನ್ನ ಹಿಂದೆ ಬಂದು ನಿಂತಳು. ಸೆರಗು ಸರಿಮಾಡಿಕೊಂಡಳು. ಒಂದು ಪಾದದಿಂದ ಇನ್ನೊಂದನ್ನು ತಿಕ್ಕಿದಳು. ತುಟಿ ತೇವ ಮಾಡಿಕೊಂಡಳು. ತಟ್ಟೆಯಲ್ಲಿ ಕಪ್ಪುಗಳು ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಬಾಗಿಲ ಹಿಂದೆ ಹೀಗೆ ನಿಂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾಣಿಯಾಗಲಿ, ಕೆಲಸದವಳಾಗಲಿ, ಆ ಒಂದು ಗಳಿಗೆಯಲ್ಲಿ ಎಲ್ಲರ ಕೈಯೂ ತಣ್ಣಗಿರುತ್ತದೆ. ಆಚೆ ಹೋದ ಮೇಲೆ ಏನಾಗುತ್ತದೋ ನನ್ನ ಕೈಯಲ್ಲಿಲ್ಲ. ಸರಾಗವಾಗಿ ದಾರಿ ಬಿಡುವುದೊಂದೇ ನನಗೆ ಗೊತ್ತಿರುವ ಕೆಲಸ.

ಜರೀನಾ ಮೊಣಕೈಯಿಂದ ನನ್ನನ್ನು ನೂಕಿದಳು. ನಾನು ಕಿರ್ ಎಂದೂ ಅನ್ನದೆ ತೆರೆದುಕೊಂಡೆ. ಆಚೆ ಕಡೆಯಿಂದ ಯಾರೋ ಒಬ್ಬ ಮುದುಕಿ, "ಬಾರವ್ವಾ, ಬಾ. ಇಲ್ಲೆ ನನ್ನ ಬಾಜೂಕ ಕುಂಡ್ರು" ಅಂದಳು.