ಸ್ಟೇಷನ್ ರಸ್ತೆಯಲ್ಲಿ ಗಂಡು ನೋಡಿದ್ದು

ವಾಸಂತಿಗೆ ಅಮೆರಿಕಾದಲ್ಲಿ ಒಬ್ಬಳು ಪತ್ರಗೆಳತಿ ಇದ್ದಳು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹಂಚಿದ ವಿಳಾಸದ ಚೀಟಿಗಳಲ್ಲಿ ಅವಳ ಪಾಲಿಗೆ ಬಂದ ಹೆಸರು ಡೊರೊಥಿ. ಬೆಟ್ಟದ ಸೀಮೆಯ ಒಂದು ಸಣ್ಣ ಊರಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ, ಐವತ್ತು ದಾಟಿದ ಹೆಂಗಸು. ಸ್ನೇಹಕ್ಕೆ ವಯಸ್ಸು ಅಡ್ಡ ಬರಲಿಲ್ಲ. ಓದು ಮುಗಿದು, ಟೆಲಿಫೋನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಕಾಡುಗೋಡಿಯಲ್ಲಿ ನಾಗಲಕ್ಷ್ಮಮ್ಮನವರ ಸಾಲುಮನೆಗೆ ಬಾಡಿಗೆಗೆ ಬಂದ ಮೇಲೂ ತಿಂಗಳಿಗೊಂದು ಏರ್‌ಮೇಲ್ ಲಕೋಟೆ ತಪ್ಪದೆ ಬರುತ್ತಿತ್ತು.

ಕಾಗದ ಬಂದರೆ ಅದರಲ್ಲಿ ನಾಗಲಕ್ಷ್ಮಮ್ಮನವರಿಗೂ ಪಾಲು. ಅವರು ಓದು ಬರಹ ಕಲಿತವರಲ್ಲ. ರಾಗಿ ಹೊಲದಲ್ಲಿ ಅರ್ಧ ಮಾರಿ, ಉಳಿದರ್ಧದಲ್ಲಿ ಎಂಟು ಮನೆ ಕಟ್ಟಿಸಿದ್ದ, ಅರವತ್ತೈದು ವಯಸ್ಸಿನ ವಿಧವೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ, ವಾಸಂತಿ ಒಂದೊಂದೇ ಸಾಲು ಕನ್ನಡ ಮಾಡಿ ಹೇಳುವುದನ್ನು ಕೇಳುತ್ತಿದ್ದರು. ಡೊರೊಥಿಯ ಬೆಕ್ಕಿನ ಕಾಲು ಮುರಿದದ್ದು, ಬಾಗಿಲ ಮುಂದಿನ ಹಿಮವನ್ನು ಅವಳು ಸಲಿಕೆಯಿಂದ ಬಾಚುವುದು, ಎಲ್ಲ ಅವರಿಗೆ ಪಕ್ಕದ ಮನೆಯ ಸುದ್ದಿಯಂತೆ ಗೊತ್ತಿತ್ತು.

ಎಂಬತ್ತಾರರ ಡಿಸೆಂಬರಿನಲ್ಲಿ ಬಂದ ಕಾಗದದಲ್ಲಿ ಮಾತ್ರ ಬೆಕ್ಕಿನ ಸುದ್ದಿ ಇರಲಿಲ್ಲ. ಆ ಊರಿನಾಚೆ ಕಾಡಿನಲ್ಲಿ ಕೆಲವರು ಜಾಗ ಕೊಂಡು ಬೇಲಿ ಹಾಕಿಕೊಂಡಿದ್ದರಂತೆ. ಒಂದೇ ಥರದ ಷರ್ಟು, ತೋಳಿಗೆ ಪಟ್ಟಿ. ಈ ನೆಲ ಬಿಳಿಯರದ್ದು ಮಾತ್ರ, ಮಿಕ್ಕವರು ಜಾಗ ಖಾಲಿ ಮಾಡಬೇಕು ಅನ್ನುವುದು ಅವರ ವಾದ. ವಿಯೆಟ್ನಾಮಿನಿಂದ ಓಡಿಬಂದ ಒಂದು ಸಂಸಾರ ಅಲ್ಲಿ ಸಣ್ಣ ಹೋಟೆಲು ಇಟ್ಟಿತ್ತು. ಅದರ ಬಾಗಿಲಿಗೆ ದಿನಾ ಬೆದರಿಕೆ ಚೀಟಿ. ಸ್ಕೂಲಿನ ಸಮಿತಿಗೆ ಚುನಾವಣೆಗೆ ನಿಂತಿದ್ದ ಡೊರೊಥಿಯ ಗೆಳತಿ ಹೆದರಿ ಹೆಸರು ವಾಪಸು ತೆಗೆದುಕೊಂಡಿದ್ದಳು. ಈಗ ಅವರು ಗುರುವಾರದ ಲೈಬ್ರರಿ ಸಭೆಗೂ ಬರುತ್ತಾರೆ, ಹಿಂದಿನ ಗೋಡೆಗೆ ಒರಗಿ ಕೈಕಟ್ಟಿ ನಿಲ್ಲುತ್ತಾರೆ, ತುಟಿ ಬಿಚ್ಚುವುದಿಲ್ಲ. ನಿಲ್ಲುವುದು ಅಪರಾಧವಲ್ಲ ಅನ್ನುತ್ತಾರೆ ಪೊಲೀಸರು. ಜನ ಬರುವುದೇ ಬಿಟ್ಟಿದ್ದಾರೆ, ಸಭೆ ನಿಲ್ಲಿಸಿಬಿಡಲೇ ಎಂದು ಡೊರೊಥಿ ಕೇಳಿದ್ದಳು.

ಏನು ಉತ್ತರ ಬರೆಯುವುದೋ ವಾಸಂತಿಗೆ ತೋಚಲಿಲ್ಲ. ನಾಗಲಕ್ಷ್ಮಮ್ಮನವರಿಗೂ ಓದಿ ಹೇಳದೆ ಕಾಗದವನ್ನು ಟ್ರಂಕಿನಲ್ಲಿಟ್ಟಳು. ಅಷ್ಟರಲ್ಲಿ ಇಲ್ಲಿಯೇ ಮಂಡಲ ಪಂಚಾಯಿತಿ ಚುನಾವಣೆಯ ಗದ್ದಲ ಶುರುವಾಯಿತು.

ಹೆಂಗಸರಿಗೆ ಮೀಸಲಾದ ಸೀಟಿಗೆ ಮರಿಯಮ್ಮ ಅರ್ಜಿ ಹಾಕಿದ್ದಳು. ಸ್ಟೇಷನ್ ರಸ್ತೆಯಲ್ಲಿ ತಳ್ಳುಗಾಡಿಯ ಮೇಲೆ ಇಡ್ಲಿ ಮಾರುವವಳು. ತಮಿಳು ಸೀಮೆಯ ಕೃಷ್ಣಗಿರಿ ಕಡೆಯಿಂದ ಬಂದು ಇಪ್ಪತ್ತು ವರ್ಷವಾಗಿತ್ತು, ಇಬ್ಬರು ಮಕ್ಕಳೂ ಕನ್ನಡ ಶಾಲೆಯಲ್ಲೇ ಓದಿದವರು. ಅವಳ ಅರ್ಜಿಗೆ ಸೂಚಕರಾಗಿ ಹೆಬ್ಬೆಟ್ಟು ಒತ್ತಿದವರು ನಾಗಲಕ್ಷ್ಮಮ್ಮ. ಇಟ್ಟಿಗೆ ಗೂಡಿನ ನಂಜಪ್ಪನಿಗೆ ಇದು ಹಿಡಿಸಲಿಲ್ಲ. ಆ ಸೀಟು ತನ್ನ ನಾದಿನಿಗೆ ಅವಿರೋಧವಾಗಿ ಬರಬೇಕೆಂದು ಅವನು ಲೆಕ್ಕ ಹಾಕಿದ್ದ. ಒಂದು ವರ್ಷದಿಂದ ಊರಿನ ಹುಡುಗರಿಗೆ ಬೂದು ಷರ್ಟು ಹೊಲಿಸಿ ‘ಊರು ಕಾವಲು ದಳ’ ಅಂತ ಕಟ್ಟಿದ್ದ. ಹೊರಗಿನವರು ಬಂದು ನಮ್ಮ ಕೆಲಸ, ನಮ್ಮ ನೀರು, ನಮ್ಮ ಮರ್ಯಾದೆ ಎಲ್ಲ ಕಿತ್ತುಕೊಂಡರು ಎಂದು ಗೂಡಿನ ಬಳಿ ಪ್ರತಿ ಭಾನುವಾರ ಭಾಷಣ. ಪಕ್ಕದ ಹಳ್ಳಿಯಲ್ಲಿ ಅವನಿಗೆ ಎದುರು ನಿಂತಿದ್ದ ಒಬ್ಬ ಕುಂಬಾರನ ಹುಲ್ಲಿನ ಬಣವೆ ಸುಟ್ಟುಹೋಗಿ, ಮಾರನೆಯ ದಿನವೇ ಆತ ಅರ್ಜಿ ವಾಪಸು ಪಡೆದಿದ್ದ.

ಒಂದು ಸೋಮವಾರ ಬೆಳಗ್ಗೆ ಆರು ಜನ ಬೂದು ಷರ್ಟಿನವರು ಮರಿಯಮ್ಮನ ಗಾಡಿಯ ಎದುರು ಸಾಲಾಗಿ ನಿಂತರು. ಕೈಕಟ್ಟಿಕೊಂಡು, ಮಾತಿಲ್ಲದೆ. ಇಡ್ಲಿಗೆ ಬರುತ್ತಿದ್ದವರು ದೂರದಿಂದಲೇ ನೋಡಿ ದಾರಿ ಬದಲಿಸಿದರು. ಕಾರ್ಖಾನೆ ಬಸ್ಸು ನಿಲ್ಲುತ್ತಿದ್ದದ್ದು ರಸ್ತೆಯ ಈಚೆಗೆ. ದಿನಾ ಎರಡು ಇಡ್ಲಿ ತಿಂದೇ ಬಸ್ಸು ಹತ್ತುತ್ತಿದ್ದ ವಾಸಂತಿ ಅಂದು ತಲೆ ತಗ್ಗಿಸಿ ಬಸ್ಸಿನ ಕ್ಯೂ ಸೇರಿದಳು. ಮರಿಯಮ್ಮ ತನ್ನನ್ನು ನೋಡುತ್ತಿದ್ದಾಳೆಂದು ಗೊತ್ತಾಯಿತು. ಮಂಗಳವಾರವೂ ಹಾಗೇ ಆಯಿತು. ಮರಿಯಮ್ಮನ ಗಂಡ ಠಾಣೆಗೆ ಹೋದರೆ, ರಸ್ತೆಯಲ್ಲಿ ನಿಂತವರ ಮೇಲೆ ಏನೆಂದು ಕೇಸು ಹಾಕಲಿ ಎಂದು ಕೇಳಿ ಕಳಿಸಿದರು.

ಅಂದು ಸಂಜೆ ವಾಸಂತಿ ಟ್ರಂಕಿನಿಂದ ಕಾಗದ ತೆಗೆದು ಮತ್ತೆ ಓದಿದಳು. ಜಗಲಿಗೆ ಬಂದು ನಾಗಲಕ್ಷ್ಮಮ್ಮನವರ ಮುಂದೆ ಎಲ್ಲ ಹೇಳಿಕೊಂಡಳು. ಡೊರೊಥಿಗೆ ಧೈರ್ಯ ಹೇಳಬೇಕಾದ ತಾನೇ ಎರಡು ದಿನದಿಂದ ಇಡ್ಲಿ ತಿಂದಿಲ್ಲ ಎಂದಳು. ನಾಗಲಕ್ಷ್ಮಮ್ಮ ಬೈಯಲಿಲ್ಲ. ನಿಂತವರು ಯಾರು ಯಾರು ಎಂದು ಕೇಳಿದರು.

ವಾಸಂತಿಗೆ ಗೊತ್ತಿರಲಿಲ್ಲ. “ಹೆದರಿಕೇಲಿ ಮುಖಾನೇ ನೋಡ್ಲಿಲ್ಲ ದೊಡ್ಡಮ್ಮ,” ಎಂದಳು.

“ಅದೇ ಕಣವ್ವ ಅವ್ರಿಗೆ ಬೇಕಾಗಿರಾದು. ನಾಳೀಕೆ ನಾನೂ ಬತ್ತೀನಿ. ಮುಖ ನೋಡಾನ.”

ಬುಧವಾರ ಬೆಳಗ್ಗೆ ನಾಗಲಕ್ಷ್ಮಮ್ಮ ತಮ್ಮ ಟ್ರಂಕಿನ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಅರಿಸಿನ ಕುಂಕುಮ ಇಟ್ಟುಕೊಂಡು ಹೊರಟರು. ಮದುವೆ ಮನೆಗೆ ಹೋಗುವಂತಿತ್ತು. ಮರಿಯಮ್ಮನ ಗಾಡಿಯ ಪಕ್ಕದ ಬೆಂಚಿನ ಮೇಲೆ ಕೂತು, ಕಣ್ಣು ಕಿರಿದು ಮಾಡಿ, ಆರು ಮುಖಗಳನ್ನೂ ನಿಧಾನವಾಗಿ ನೋಡಿದರು. ಆಮೇಲೆ ರಸ್ತೆಯಾಚೆ ಬಸ್ಸಿಗೆ ನಿಂತಿದ್ದ ಹೆಂಗಸರ ಕಡೆ ತಿರುಗಿ, ಹೊಲದಲ್ಲಿ ಆಳು ಕರೆಯುವ ಗಂಟಲಿನಲ್ಲಿ ಶುರು ಮಾಡಿದರು.

“ಅಲ್ಲ ಕಣ್ರವ್ವ, ಮೂರು ದಿನದಿಂದ ಗಂಡುಗಳು ಸಾಲಾಗಿ ನಿಂತವ್ರೆ, ಒಬ್ರೂ ಬಂದು ನೋಡ್ನಿಲ್ವಲ್ಲ. ಇವನು ನಮ್ಮ ದೊಡ್ಡಮುನಿಯಪ್ಪನ ಎರಡನೇ ಮಗ, ಚಿನ್ನಪ್ಪ. ಲೇತ್ ಕೆಲಸ ಕಲ್ತವ್ನೆ. ಒಳ್ಳೇ ಹುಡುಗ. ಅಪ್ಪಂಗೆ ಎದುರು ಮಾತಾಡಲ್ಲ, ಬೆಳಿಗ್ಗೆ ಹಲ್ಲುಜ್ಜಾದೊಂದು ತಡ. ಬರ್ರಿ, ಸಂಕೋಚ ಪಡಬ್ಯಾಡ್ರಿ.”

ಕ್ಯೂನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಈಗ ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ ಎಂದು ವಾಸಂತಿಗೆ ಅನಿಸಿತು. ರಸ್ತೆ ದಾಟಿ ಚಿನ್ನಪ್ಪನ ಎದುರು ನಿಂತಳು. ಮೀಸೆ ಇನ್ನೂ ಸರಿಯಾಗಿ ಬಂದಿರದ, ನಿದ್ದೆಗಣ್ಣಿನ ಮುಖ.

“ಅಡುಗೆ ಬರುತ್ತಾ?” ಎಂದು ಕೇಳಿದಳು.

ದೊಡ್ಡವರ ಎದುರು ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಅವನಿಗೆ. “ಅನ್ನ ಮಾಡ್ತೀನಿ. ಸಾರು ಬರಲ್ಲ,” ಎಂದುಬಿಟ್ಟ.

ಇಡೀ ಕ್ಯೂ ಗೊಳ್ಳೆಂದಿತು. ಮುಂದಿನದು ಯಾರ ಕೈಯಲ್ಲೂ ಇರಲಿಲ್ಲ. ವಾಸಂತಿಯ ಜೊತೆ ಕೆಲಸ ಮಾಡುವ ವೆಂಕಟಲಕ್ಷ್ಮಿ ಬಂದು ಎರಡನೆಯವನಿಗೆ ಸ್ವಲ್ಪ ನಡೆದು ತೋರಿಸಲು ಹೇಳಿದಳು, ಕಾಲು ಸರಿಯಾಗಿದೆಯೋ ಇಲ್ಲವೋ ನೋಡಬೇಕಲ್ಲ ಎಂದಳು. ಇನ್ನೊಬ್ಬಳು ಮೂರನೆಯವನಿಗೆ ಹಾಡಲು ಹೇಳಿದಳು. ಶಾಲೆಗೆ ಹೊರಟಿದ್ದ ಅನುಸೂಯಮ್ಮ ಟೀಚರು ಆಟೋರಿಕ್ಷಾ ನಿಲ್ಲಿಸಿ, ಒಬ್ಬೊಬ್ಬರದೇ ನಕ್ಷತ್ರ ವಿಚಾರಿಸತೊಡಗಿದರು. ಬಸ್ಸು ಬಂದರೂ ಡ್ರೈವರು ಹೊರಡಲಿಲ್ಲ, ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತ ಕೂತ. ಹಾಡು ಅನ್ನಿಸಿಕೊಂಡವನು ಕಿವಿ ಕೆಂಪಾಗಿಸಿಕೊಂಡು ಓಡಿಹೋದ. ಅವನ ಹಿಂದೆ ಮತ್ತಿಬ್ಬರು. ಚಿನ್ನಪ್ಪನಿಗೆ ಓಡಲೂ ತಿಳಿಯಲಿಲ್ಲ. ಮರಿಯಮ್ಮ ಅವನ ಕೈಗೆ ಒಂದು ತಟ್ಟೆ ಕೊಟ್ಟು, ಖಾಲಿ ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀಯಪ್ಪ, ಮೊದಲು ತಿನ್ನು ಎಂದಳು. ಅವನು ಆ ಕಡೆ ಈ ಕಡೆ ನೋಡಿ ತಿಂದ.

ಗುರುವಾರ ಮೂರೇ ಜನ ಬಂದರು. ಸುದ್ದಿ ಕೇಳಿ ನೋಡಲೆಂದೇ ಬಂದಿದ್ದ ಹೆಂಗಸರು ಇಪ್ಪತ್ತಕ್ಕೂ ಮೇಲೆ. ಶುಕ್ರವಾರ ಬೂದು ಷರ್ಟು ಒಂದೂ ಕಾಣಲಿಲ್ಲ. ಮರಿಯಮ್ಮ ಇಡ್ಲಿ ಸಾಲದೆ ಒದ್ದಾಡಿದಳು.

ಶನಿವಾರ ಸಂಜೆ ನಂಜಪ್ಪನೇ ಬೈಕಿನಲ್ಲಿ ನಾಗಲಕ್ಷ್ಮಮ್ಮನವರ ಮನೆಗೆ ಬಂದ. ವಾಸಂತಿ ತನ್ನ ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅವನು ಗಟ್ಟಿಯಾಗಿ ಮಾತಾಡುವವನಲ್ಲ. ಊರಿನ ಹುಡುಗರನ್ನು ನಗೆಪಾಟಲು ಮಾಡಿದಿರಿ, ನೀವೂ ಊರವರೇ ಅಲ್ಲವೇ ಎಂದು ಮೆಲ್ಲಗೆ ಹೇಳಿದ. ಆಮೇಲೆ ತಲೆಯೆತ್ತಿ ಸೂರಿನ ಕಡೆ ನೋಡಿದ.

“ಸಾಲುಮನೆ ಕರೆಂಟ್ ವೈರು ಹಳೇದಾಗೈತೆ ಚಿಕ್ಕಮ್ಮ. ಬೆಂಕಿ ಗಿಂಕಿ ಬಿದ್ದಾತು. ಹುಷಾರು.”

ನಾಗಲಕ್ಷ್ಮಮ್ಮನವರ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಮೊದಲ ಸಲ ಅವರಿಗೂ ಹೆದರಿಕೆಯಾಗಿದೆ ಎಂದು ವಾಸಂತಿಗೆ ಕಂಡಿತು. ಮಡಿಸುತ್ತಿದ್ದ ಬಟ್ಟೆ ಬಿಟ್ಟು ಹೊರಗೆ ಬಂದು ಜಗಲಿಯ ಪಕ್ಕ ನಿಂತಳು. ಎರಡನೇ ಮನೆಯ ಮಲಯಾಳಿ ನರ್ಸ್ ಬಂದಳು. ಕೊನೆಯ ಮನೆಯ ಫಿಟ್ಟರ್ ಸಾಬರು ಬಂದರು, ಅವರ ಹಿಂದೆ ಅವರ ಹೆಂಡತಿ. ಎಂಟು ಮನೆಯ ಬಾಗಿಲೂ ಒಂದಾದ ಮೇಲೆ ಒಂದು ತೆರೆದವು. ಯಾರೂ ಏನೂ ಅನ್ನಲಿಲ್ಲ, ಸುಮ್ಮನೆ ನಿಂತರು. ನಂಜಪ್ಪ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಬೈಕಿಗೆ ಮೂರು ಸಲ ಕಿಕ್ ಹೊಡೆದು, ನಾಲ್ಕನೆಯದಕ್ಕೆ ಸ್ಟಾರ್ಟ್ ಮಾಡಿ ಹೋದ.

ನಾಗಲಕ್ಷ್ಮಮ್ಮ ಎದ್ದಾಗ ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿಹೋಯಿತು. ಅದನ್ನು ತಾವೇ ನೋಡಿಕೊಂಡು ನಕ್ಕರು. ಸಾಬರು ಮಾರನೆಯ ದಿನ ಏಣಿ ಹಾಕಿ ವೈರನ್ನೆಲ್ಲ ಬದಲಿಸಿದರು. ನಂಜಪ್ಪನ ಬಾಯಿಂದಾದರೂ ಒಂದು ಉಪಕಾರವಾಯಿತಲ್ಲ ಎಂದು ನರ್ಸ್ ಹೇಳಿದಳು.

ಜನವರಿಯಲ್ಲಿ ಮರಿಯಮ್ಮ ಗೆದ್ದಳು. ವಾಸಂತಿ ಡೊರೊಥಿಗೆ ಹನ್ನೊಂದು ಪುಟ ಬರೆದಳು. ಫೆಬ್ರವರಿ ಕೊನೆಗೆ ಉತ್ತರ ಬಂತು. ಗೋಡೆಗೆ ಒರಗಿ ನಿಲ್ಲುವವರಲ್ಲಿ ಮೂವರು ಅದೇ ಊರಿನವರು, ಚಿಕ್ಕವರಿದ್ದಾಗ ತನ್ನಿಂದಲೇ ಚಿತ್ರದ ಪುಸ್ತಕ ಒಯ್ದವರು ಎಂದು ಡೊರೊಥಿ ಬರೆದಿದ್ದಳು. ಇಷ್ಟು ದಿನ ಅವರ ಮುಖ ನೋಡುವ ಧೈರ್ಯವೇ ಬಂದಿರಲಿಲ್ಲವಂತೆ. ವಾಸಂತಿಯ ಕಾಗದ ತಲುಪಿದ ವಾರದ ಗುರುವಾರ ಮೂವರನ್ನೂ ಹೆಸರು ಹಿಡಿದು ಕರೆದು, ತಾಯಂದಿರ ಆರೋಗ್ಯ ವಿಚಾರಿಸಿ, ಕುರ್ಚಿ ತೋರಿಸಿದಳು. ಇಬ್ಬರು ಹೊರಟುಹೋದರು, ಒಬ್ಬ ಕೂತ. ಈಗ ಸಭೆಗೆ ಜನ ಬರುತ್ತಿದ್ದಾರೆ. ಮುಗಿದ ಮೇಲೆ ಎಲ್ಲರೂ ಒಟ್ಟಾಗಿ ವಿಯೆಟ್ನಾಮಿನವರ ಹೋಟೆಲಿಗೆ ಹೋಗಿ ಸೂಪು ಕುಡಿಯುತ್ತಾರೆ. ಕಾಡಿನವರು ಮಾತ್ರ ಬೇಲಿ ಬಿಟ್ಟು ಹೋಗಿಲ್ಲ.

“ನಮ್ಮೋರೂ ಎಲ್ಲೂ ಓಗಿಲ್ಲ ಅಂತ ಬರಿ,” ಎಂದರು ನಾಗಲಕ್ಷ್ಮಮ್ಮ. “ಭಾನುವಾರ ಭಾನುವಾರ ಗೂಡಿನ ತಾವ ಸೇರ್ತಾವ್ರೆ. ಸ್ವಲ್ಪ ಕಮ್ಮಿ ಆಗವ್ರೆ, ಅಷ್ಟೇಯ. ಕುರ್ಚಿ ಎತ್ತಿಡಬ್ಯಾಡ ಅಂತ ಏಳು ಆಯಮ್ಮಂಗೆ.”

ಪಂಚಾಯಿತಿಯ ಮೊದಲ ಮೀಟಿಂಗು ಮುಗಿಸಿ ಬಂದು ಅಲ್ಲೇ ಕೂತಿದ್ದ ಮರಿಯಮ್ಮನಿಗೆ ಬೇರೆಯೇ ಯೋಚನೆ. ಆ ಸೂಪಿಗೆ ಏನು ಹಾಕುತ್ತಾರೆ, ನಮ್ಮ ಶಾವಿಗೆಯಂಥದ್ದೋ ಏನೋ ಎಂದು ಕೇಳಿದಳು. ವಾಸಂತಿಗೂ ಗೊತ್ತಿರಲಿಲ್ಲ. ಹೊಸ ಹಾಳೆ ತೆಗೆದು, ಅದನ್ನೇ ಮೊದಲ ಸಾಲಾಗಿ ಬರೆದಳು.