ಎದುರು ದೇಶದವಳು

"ಎಡಕ್ಕೆ ವಾಲ್ತಾ ಇದೆ, ಇನ್ನೊಂದು ಸುತ್ತು ಬಿಗೀರಿ," ಎಂದರು ಅಯ್ಯನವರು. ಗೋಡೆಯ ಮೊಳೆಯಿಂದ ಇಳಿಬಿಟ್ಟ ಬಿಳಿ ಬಟ್ಟೆಯನ್ನು ಇಬ್ಬರು ಗಂಡಸರು ಗದ್ದದಡಿ ಬಿಗಿಯುವವರೆಗೆ ಸೀತಾ ಎರಡೂ ಕೈಯಿಂದ ನೀಲಾಂಬಿಕಾ ಮೇಡಂ ತಲೆಯನ್ನು ನೆಟ್ಟಗೆ ಹಿಡಿದುಕೊಂಡಿದ್ದಳು. ಸ್ನಾನ ಮಾಡಿಸಿದ ಕೂದಲು ಇನ್ನೂ ಒದ್ದೆಯಿತ್ತು. ಪದ್ಮಾಸನದಲ್ಲಿ ಕೂರಿಸಿದ್ದ ದೇಹ ಕೊನೆಗೂ ನೇರವಾಯಿತು. ಹಣೆಗೆ ವಿಭೂತಿ ಎಳೆದು ಸೀತಾ ಹಿಂದೆ ಸರಿದಳು. ಮೇಡಂ ಪಾಠದ ಕೋಣೆಯಲ್ಲಿ ಕೂರುತ್ತಿದ್ದದ್ದೂ ಹೀಗೆಯೇ, ಬೆನ್ನನ್ನು ಕುರ್ಚಿಗೆ ತಾಗಿಸದೆ.

ಅತ್ತಿಗುಪ್ಪೆಯ ಆ ಮನೆಯ ನಡುಮನೆ ತುಂಬಿತ್ತು. ನೀಲಾಂಬಿಕಾ ಅವರ ಗಂಡ ಭರಮಪ್ಪ ಬಾಗಿಲ ಬಳಿ ಫೋನು ಹಿಡಿದು ನಿಂತಿದ್ದರು. ಅವರ ಅಕ್ಕ ಗುರವ್ವ ರಾತ್ರಿಯ ರೈಲಿಗೆ ಹುಬ್ಬಳ್ಳಿಯಿಂದ ಬಂದಿದ್ದಳು. ತಮ್ಮನ ಹೆಂಡತಿ ಇಷ್ಟು ವರ್ಷ ಏನು ಕೆಲಸ ಮಾಡಿದಳೆಂದು ತನಗೆ ಇವತ್ತಿಗೂ ತಿಳಿದಿಲ್ಲ, ನೀನು ಜೊತೆಗಿದ್ದವಳಲ್ಲ, ಹೇಳು ಎಂದು ಅವಳು ಸೀತಾಳ ಸೆರಗು ಹಿಡಿದಳು.

ಕೆಂಗೇರಿಯ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷ ಮೇಡಂ ಕೈಕೆಳಗೆ ದುಡಿದ ಸೀತಾ ಸರಳವಾಗಿ ಹೇಳಲು ನೋಡಿದಳು. ಅಕ್ಕಪಕ್ಕದ ಎರಡು ದೇಶಗಳಿಗೆ ಸಮುದ್ರದಲ್ಲಿ ಗಡಿ ಎಲ್ಲಿ ಎಂದು ಮಾತಾಡಿಯೇ ತೀರ್ಮಾನವಾಗಬೇಕು; ಹಾಗೆ ಮಾತಾಡಲು ಹೋಗುವ ಬೇರೆ ಬೇರೆ ದೇಶಗಳ ಅಧಿಕಾರಿಗಳಿಗೆ ಮೇಡಂ ಕಲಿಸುತ್ತಿದ್ದರು.

"ನೀರಿನ ಮ್ಯಾಲ ಗೆರಿ ಹೊಡಿಯೂದಕ್ಕ ಸರ್ಕಾರದವ್ರು ಪಗಾರ ಕೊಡ್ತಿದ್ರ?" ಎಂದಳು ಗುರವ್ವ. ಅಳುತ್ತಿದ್ದ ಇಬ್ಬರು ಹೆಂಗಸರು ಸೆರಗಿನೊಳಗೆ ನಕ್ಕರು.

ಭರಮಪ್ಪ ಫೋನು ಇಟ್ಟು ಒಳಗೆ ಬಂದರು. "ರುದ್ರಮುನಿ ಸಾಹೇಬ್ರು ನೆಟ್ಟಗ ಮಣ್ಣಿಗೇ ಬರ್ತಾರಂತ. ಅಲ್ಲಿ ಎರಡು ಮಾತಾಡ್ತೀನಿ ಅಂದ್ರು. ದೊಡ್ಡ ಮನಸ್ಸು ನೋಡವ್ವಾ ಅವರದು, ಈಕಿ ಅಂಥಾ ಕೆಲಸ ಮಾಡಿದ್ರೂನು."

ಸೀತಾ ತಲೆಯಾಡಿಸಿದಳು. ಬೆಳಿಗ್ಗೆ ಆರಕ್ಕೆ ಕೇಂದ್ರದ ನಿರ್ದೇಶಕ ರುದ್ರಮುನಿಗೆ ಫೋನು ಮಾಡಿದವಳು ಅವಳೇ. ನೀವು ಬಂದು ನಾಲ್ಕು ಮಾತಾಡಿದರೆ ಮನೆಯವರಿಗೆ ಸಮಾಧಾನ ಸಾರ್ ಎಂದು ಮೆತ್ತಗೆ ಹೇಳಿದ್ದಳು. ಮೇಡಂ ಕೆಲಸ ಕಳೆದ ಆ ಲಕೋಟೆಯನ್ನು ಒಡೆದವನು ತಾನು ಎಂಬುದು ಅವನ ಬಾಯಿಂದಲೇ ಬರಬೇಕಿತ್ತು. ಮಣ್ಣು ಬೀಳುವ ಮುಂಚೆ, ಭರಮಪ್ಪನವರಿಗೆ ಕೇಳುವ ಹಾಗೆ.

•

ಕೇಂದ್ರದ ಹಿಂದೆ ವೃಷಭಾವತಿ ಹರಿಯುತ್ತಿತ್ತು. ಕಿಟಕಿ ತೆರೆದರೆ ನಾತ. ಒಂದು ದ್ವೀಪದೇಶದಿಂದ ಬಂದ ಅಧಿಕಾರಿ, ನಿಮ್ಮ ಸಮುದ್ರ ಇದೇನಾ ಎಂದು ಕೇಳಿದ್ದ. ಇದು ನಮ್ಮ ಮೋರಿ, ಇದಕ್ಕೆ ಯಾರೂ ಜಗಳ ಆಡುವುದಿಲ್ಲ ಎಂದಿದ್ದರು ಮೇಡಂ.

ಅವರು ಅಲ್ಲಿಗೆ ಸೇರಿದ್ದು ನಕ್ಷೆ ಬರೆಯುವವರಾಗಿ. ಅಭ್ಯಾಸಕ್ಕೆ ನಡೆಸುವ ಅಣಕು ಮಾತುಕತೆಯಲ್ಲಿ ಎದುರು ದೇಶದ ಪರವಾಗಿ ಕೂರಬೇಕಿದ್ದ ಪ್ರೊಫೆಸರು ಒಂದು ದಿನ ಬರಲಿಲ್ಲ. ಆ ಕುರ್ಚಿಯಲ್ಲಿ ಕೂತ ನೀಲಾಂಬಿಕಾ ಮುಂದಿನ ಹತ್ತೊಂಬತ್ತು ವರ್ಷ ಏಳಲಿಲ್ಲ. ಯಾವ ದೇಶದವರು ಬಂದರೂ ಅವರಿಗೆ ಎದುರು ದೇಶ ಈಕೆಯೇ. ಕಡಲು ಇಳಿದಾಗ ಮಾತ್ರ ತಲೆ ಎತ್ತುವ ಒಂದು ಬಂಡೆಯನ್ನು ಹಿಡಿದು ಎರಡು ದಿನ ವಾದಿಸುತ್ತಿದ್ದರು.

ಅವರು ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದೇ. ಕೇಳಬೇಕಾದದ್ದನ್ನು ಕೇಳಿ ಸುಮ್ಮನಾಗು. ನೀರು ಕುಡಿಯಬೇಡ, ಕಾಗದ ತಿರುವಬೇಡ, ನಗಬೇಡ. ಮೂರು ನಿಮಿಷದ ಮೌನವನ್ನು ಸಹಿಸುವ ಮನುಷ್ಯ ಬಹಳ ಅಪರೂಪ. ಸಹಿಸಲಾರದವನು ಏನಾದರೂ ಹೇಳುತ್ತಾನೆ, ಹೇಳಿದ್ದನ್ನು ಸರಿಮಾಡಲು ಇನ್ನೊಂದು ಹೇಳುತ್ತಾನೆ, ಅಷ್ಟರಲ್ಲಿ ಅವನ ಸಮುದ್ರ ಹೋಗಿರುತ್ತದೆ. ದೊಡ್ಡ ದೊಡ್ಡ ಹುದ್ದೆಯವರು ಆ ಕುರ್ಚಿಯ ಎದುರು ಬೆವರುವುದನ್ನು ಸೀತಾ ಬಾಗಿಲ ಪಕ್ಕ ಕೂತು ಬರೆದುಕೊಳ್ಳುತ್ತಿದ್ದಳು.

ಕೊನೆಯ ವಾರದ ಪಾಠಕ್ಕೆ ಒಂದು ಪದ್ಧತಿ ಇತ್ತು. ಎಷ್ಟರ ಆಚೆಗೆ ಬಿಟ್ಟುಕೊಡುವುದಿಲ್ಲ ಎಂಬ ಕೊನೆಯ ಗೆರೆಯನ್ನು ಪ್ರತಿಯೊಬ್ಬರೂ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಮೇಡಂಗೆ ಕೊಡಬೇಕು. ಪಾಠ ಮುಗಿದ ಮೇಲೆ ಬರೆದವರೇ ಅದನ್ನು ಒಡೆದು, ತಾವು ಎಷ್ಟು ಜಾರಿದೆವೆಂದು ನೋಡಿಕೊಳ್ಳಬೇಕು. ದೇಶವೂ ಕಲ್ಪಿತ, ಗೆರೆಯೂ ಕಲ್ಪಿತ.

ಮೂರು ವರ್ಷದ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಅಧಿಕಾರಿ, ಹುಮ್ಮಸ್ಸಿನಲ್ಲಿ, ತನ್ನ ದೇಶದ ನಿಜವಾದ ಗೆರೆಯನ್ನೇ ಬರೆದುಬಿಟ್ಟ. ಅವನ ನೆರೆದೇಶದವರೂ ಅದೇ ತಂಡದಲ್ಲಿದ್ದರು. ನಾಲ್ಕು ತಿಂಗಳಾದ ಮೇಲೆ ಎರಡು ದೇಶಗಳು ನಿಜಕ್ಕೂ ಮಾತಿಗೆ ಕೂತಾಗ, ನೆರೆಯವರು ಸರಿಯಾಗಿ ಆ ಗೆರೆಯವರೆಗೆ ಬಂದು ಕಾಲೂರಿ ನಿಂತರು.

ಗುಟ್ಟು ಕೇಂದ್ರದಿಂದಲೇ ಸೋರಿದೆ ಎಂದು ದೂರು ಬಂತು. ಲಕೋಟೆಗಳು ನೀಲಾಂಬಿಕಾ ಅವರ ಕಪಾಟಿನಲ್ಲಿದ್ದವು. ವಿಚಾರಣೆಯಲ್ಲಿ, ನಾನು ಒಡೆದಿಲ್ಲ ಎಂಬುದಕ್ಕಿಂತ ಹೆಚ್ಚಿಗೆ ಅವರು ಒಂದಕ್ಷರ ಆಡಲಿಲ್ಲ. ಲಕೋಟೆಯಲ್ಲಿ ಏನಿತ್ತು, ಯಾರು ಬರೆದರು ಎಂದು ಬಾಯಿಬಿಟ್ಟರೆ ಆ ಹುಡುಗ ಜೈಲಿಗೆ ಹೋಗುತ್ತಿದ್ದ. ನಿವೃತ್ತಿಗೆ ಏಳು ತಿಂಗಳಿರುವಾಗ ಅವರನ್ನು ಮನೆಗೆ ಕಳಿಸಿದರು. ಗುಟ್ಟು ಮಾರಿಕೊಂಡಳಂತೆ ಎಂದು ಅತ್ತಿಗುಪ್ಪೆಯ ಬೀದಿ ಆಡಿಕೊಂಡಿತು. ಭರಮಪ್ಪನವರೂ ಒಮ್ಮೆ ಕೇಳಿದರು. ಹೆಂಡತಿ ಉತ್ತರ ಕೊಡಲಿಲ್ಲ. ಆಮೇಲೆ ಆ ಮನೆಯಲ್ಲಿ ಊಟಕ್ಕೆ ಕರೆಯುವ ಮಾತು, ಗ್ಯಾಸ್ ಬಂತೆಂಬ ಮಾತು, ಅಷ್ಟೇ ಉಳಿದದ್ದು.

•

ಶವದ ವ್ಯಾನು ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯ ಕಡೆ ಹೊರಟಿತು. ಕೂತ ಭಂಗಿಯಲ್ಲೇ ಇದ್ದ ಮೇಡಂ ರಸ್ತೆಯ ಪ್ರತಿ ಉಬ್ಬಿಗೂ ಮುಂದಕ್ಕೆ ಬಾಗುತ್ತಿದ್ದರು. ಸೀತಾ ಅವರ ಹೆಗಲಿಗೆ ಕೈ ಆನಿಸಿ ತಡೆದಳು.

ಎರಡು ತಿಂಗಳ ಹಿಂದೆ ಡಯಾಲಿಸಿಸ್ ಮುಗಿಸಿ ಬಂದ ಮಧ್ಯಾಹ್ನ ಮೇಡಂ ಅವಳನ್ನು ಕರೆಸಿದ್ದರು. ಭರಮಪ್ಪ ಔಷಧಿ ತರಲು ಹೋಗಿದ್ದರು. ದಿಂಬಿಗೆ ಒರಗದೆ ಕೂತು, ಎಂದಿನ ದನಿಯಲ್ಲಿ ಕೇಳಿದರು.

"ಸೀತಾ, ಲಕೋಟಿ ಇಟ್ಟ ಆ ಗುರುವಾರ ನೀನೇನಾದ್ರೂ ನೋಡಿದ್ದೇನು?"

ಕೇಳಿ ಸುಮ್ಮನಾದರು.

ಸೀತಾ ನೋಡಿದ್ದಳು. ಕಪಾಟಿನ ಮುಂದೆ ನಿಂತು ರುದ್ರಮುನಿ ಲಕೋಟೆಯ ಅಂಚನ್ನು ಚಹಾದ ಹಬೆಗೆ ಹಿಡಿದಿದ್ದ. ಅವಳನ್ನು ಕಂಡು ಬೆಚ್ಚಲೂ ಇಲ್ಲ. ಆ ರಾತ್ರಿಯ ಔತಣದಲ್ಲಿ ನೆರೆದೇಶದವರ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿ ನಗಿಸಿದ್ದನ್ನೂ ಅವಳು ಕಂಡಿದ್ದಳು. ಗುತ್ತಿಗೆಯ ಮೇಲಿದ್ದ ಅವಳ ಕೆಲಸ, ಮೇಡಂ ಮನೆಗೆ ಹೋದ ತಿಂಗಳೇ ಖಾಯಂ ಆಗಿತ್ತು.

ಮಂಚದ ಪಕ್ಕ ಕೂತ ಅವಳು ಸೀರೆಯ ಅಂಚನ್ನೂ ಮುಟ್ಟಲಿಲ್ಲ. ನೀರಿನ ಲೋಟದತ್ತ ಕೈ ಚಾಚಲಿಲ್ಲ. ಮೆಟ್ರೋ ಒಂದು ಹೋಯಿತು, ಇನ್ನೊಂದು ಬಂತು. ಮೂರು ನಿಮಿಷ ದಾಟಿತು. ಮೊದಲು ಕಣ್ಣು ತಗ್ಗಿಸಿದ್ದು ಮೇಡಂ. "ಚೊಲೋ ಕಲ್ತಿ," ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಅವತ್ತಿನಿಂದ ಸೀತಾಳಿಗೆ ಊಟ ರುಚಿಸಿರಲಿಲ್ಲ. ತನ್ನನ್ನು ಹೀಗೆ ಮಾಡಿಟ್ಟವನು ರುದ್ರಮುನಿ ಎಂದುಕೊಂಡರೆ ಮಾತ್ರ ನಿದ್ದೆ ಬರುತ್ತಿತ್ತು.

•

ಗುಂಡಿಯ ಒಳಗೋಡೆಯಲ್ಲಿ ತೋಡಿದ ಗೂಡಿನಲ್ಲಿ ನೀಲಾಂಬಿಕಾ ಅವರನ್ನು ಕೂರಿಸಿದರು. ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿಯ ಗಟ್ಟಿಗಳು, ಬಿಲ್ವಪತ್ರೆ. ಅಯ್ಯನವರ ಮಂತ್ರ ಮುಗಿಯುವ ಹೊತ್ತಿಗೆ ರುದ್ರಮುನಿ ಬಂದ. ಡ್ರೈವರು ಹೂವಿನ ದೊಡ್ಡ ಚಕ್ರ ಹೊತ್ತು ತಂದ. ಯಾರ ಚಕ್ಕಡಿ ಗಾಲಿ ಕಳಚಿಕೊಂಡು ಬಂದಾನಿವ ಎಂದು ಗುರವ್ವ ಗೊಣಗಿದಳು.

ರುದ್ರಮುನಿ ಚೆನ್ನಾಗಿಯೇ ಮಾತಾಡಿದ. ಮೇಡಂ ಶಿಸ್ತು, ನೂರಾರು ಅಧಿಕಾರಿಗಳು, ಅವರ ಹೆಸರು ಕೇಳಿದರೆ ಇಂದಿಗೂ ಎದ್ದು ನಿಲ್ಲುವವರು. ಆಮೇಲೆ ದನಿ ತಗ್ಗಿಸಿದ. "ಕೊನೇಲಿ ಏನೋ ಒಂದು ಸಣ್ಣ ಎಡವಟ್ಟಾಯ್ತು. ಮನುಷ್ಯರು ಅಂದ್ಮೇಲೆ ಆಗುತ್ತೆ. ಇವತ್ತು ಅದನ್ನ ಮರೆಯೋಣ."

"ಸಾರ್," ಎಂದಳು ಸೀತಾ. ಜೋರಾಗಿಯಲ್ಲ. "ಲಕೋಟೆ ಒಡೆದಿದ್ದು ಯಾರು?"

ಕೇಳಿ ಸುಮ್ಮನಾದಳು.

ಗುಂಡಿ ತೋಡಿದವನು ಸಲಿಕೆಗೆ ಗದ್ದ ಊರಿದ. ಯಾರೋ ಕೆಮ್ಮಿದರು. ರುದ್ರಮುನಿ ನಕ್ಕ, ನಗು ತಾನಾಗಿ ಆರಿತು. ಸುತ್ತ ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

"ಇದೇನು ಸೀತಾ, ಇಲ್ಲಿ ಕೇಳೋ ಮಾತಾ ಇದು? ಎನ್ಕ್ವೈರಿ ಎಲ್ಲ ಮುಗಿದಿದೆ."

ಸೀತಾ ರೆಪ್ಪೆ ಅಲುಗಿಸಲಿಲ್ಲ.

"ಅಂಟು ಸರಿಯಾಗಿ ಹಿಡಿದಿದೆಯಾ ಅಂತ ನೋಡೋದು ನಿರ್ದೇಶಕನ ಕರ್ತವ್ಯ ತಾನೇ. ಅಷ್ಟೇ ನಾನು ನೋಡಿದ್ದು."

ಅಯ್ಯನವರು ತಲೆ ಎತ್ತಿದರು.

"ಊಟದಲ್ಲಿ ಏನೋ ತಮಾಷೆಗೆ ಒಂದು ಮಾತು ಬಂತು. ಅವ್ರು ಅದನ್ನ ಹಿಡ್ಕೊಂಡು ಅಷ್ಟು ದೂರ ಹೋಗ್ತಾರೆ ಅಂತ ಯಾರಿಗೆ ಗೊತ್ತಿತ್ತು?" ಹಣೆಯ ಬೆವರು ಒರೆಸಿಕೊಂಡ. ಆಗ ಅವನು ದನಿ ಏರಿಸಿದ. "ನೀವೂ ಅಲ್ಲೇ ನಿಂತಿದ್ರಲ್ಲ ಸೀತಾ, ಕಣ್ಣಾರೆ ನೋಡಿದ್ರಲ್ಲ. ಆವಾಗ ಯಾಕೆ ಬಾಯಿ ಬಿಡ್ಲಿಲ್ಲ?"

ತಾನು ಏನು ಹೇಳಿಬಿಟ್ಟೆನೆಂದು ಅವನಿಗೆ ಹೊಳೆದದ್ದು ಆಮೇಲೆ. ಕೇಂದ್ರದಿಂದ ಬಂದಿದ್ದವರು ಅವನ ಪಕ್ಕದಿಂದ ಒಂದೊಂದು ಹೆಜ್ಜೆ ಸರಿದರು. ಅವನು ಕಾರಿನತ್ತ ನಡೆದ. ಆ ಗಾಲಿ ಹಿಂದ ಒಯ್ಯಂತ ಹೇಳ್ರಿ ಅವಗ ಎಂದಳು ಗುರವ್ವ. ಡ್ರೈವರು ಬಗ್ಗಿ ಅದನ್ನು ಎತ್ತಿಕೊಂಡ. ಸೀತಾಳಿಗೆ ನಗು ಬರುವಂತಾಯಿತು.

ತಿರುಗಿದರೆ ಭರಮಪ್ಪ ಎದುರಿಗಿದ್ದರು.

"ನೀ ನೋಡಿದ್ದಿ?" ಎಂದರು.

ಅಷ್ಟೇ. ಅವರಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಕಣ್ಣು ಅವಳ ಮುಖದಿಂದ ಕದಲಲಿಲ್ಲ. ಸೀತಾ ಮನಸ್ಸಿನಲ್ಲಿ ಎಣಿಸತೊಡಗಿದಳು. ಇಪ್ಪತ್ತು ದಾಟಲಿಲ್ಲ.

"ನನ್ನ ಕೆಲಸ ಆವಾಗ ಗುತ್ತಿಗೆ ಮೇಲಿತ್ತು," ಎಂದಳು. ಅದು ಸಾಲದೆನಿಸಿ ಖಾಯಂ ಆದದ್ದನ್ನು ಹೇಳಿದಳು. ಮೇಡಂ ಕೇಳಿದ್ದನ್ನು, ತಾನು ಉತ್ತರ ಕೊಡದೆ ಕೂತದ್ದನ್ನು ಹೇಳಿದಳು. ಹೇಳಲು ಇನ್ನೇನೂ ಉಳಿಯದಾದಾಗಲೂ ಭರಮಪ್ಪ ತುಟಿ ತೆರೆಯಲಿಲ್ಲ.

ಒಬ್ಬೊಬ್ಬರಾಗಿ ಮೂರು ಹಿಡಿ ಮಣ್ಣು ಹಾಕಿರೆಂದು ಅಯ್ಯನವರು ಕರೆದರು. ಗುರವ್ವ ಹಾಕಿದಳು. ಬೀದಿಯವರು ಹಾಕಿದರು. ಸೀತಾ ಬಗ್ಗಿ ಒಂದು ಹಿಡಿ ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದಳು.

ಭರಮಪ್ಪ ಅವಳ ಮಣಿಕಟ್ಟು ಹಿಡಿದರು. ಒರಟಾಗಿ ಅಲ್ಲ. ಮುಚ್ಚಿದ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಣ್ಣನ್ನು ತಮ್ಮ ಇನ್ನೊಂದು ಕೈಗೆ ಸುರಿದುಕೊಂಡರು. ಹಸಿ ಕೆಮ್ಮಣ್ಣು ಅವಳ ಅಂಗೈಯ ಗೆರೆಗಳಲ್ಲಿ ಸ್ವಲ್ಪ ಅಂಟಿಕೊಂಡಿತ್ತು. ಅದನ್ನೂ ಹೆಬ್ಬೆರಳಿನಿಂದ ಒರೆಸಿ ತೆಗೆದುಕೊಂಡು, ಅವಳ ಕೈ ಬಿಟ್ಟು, ಗುಂಡಿಯ ಕಡೆ ತಿರುಗಿದರು.